ಮಹಾಬಲೇಶ್ವರ (ಹೆಸರು)

ಮಹಾಬಲೇಶ್ವರ ಎಂಬುದು ಉತ್ತರ ಕನ್ನಡ ಜಿಲ್ಲೆಯಲ್ಲಿ ರೂಢಿಯಲ್ಲಿರುವ ಪುರುಷರ ಅಂಕಿತನಾಮ. ಗೋಕರ್ಣದ ಶಿವನ ಹೆಸರೇ ಇದಕ್ಕೆ ಮೂಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹವ್ಯಕ ಕುಟುಂಬಗಳಲ್ಲಿ ಇದು ತಲೆಮಾರುಗಳಿಂದ ನಡೆದುಬಂದಿದೆ. ಮಹಾಬಲ ಎಂಬುದು ಇದರ ಹ್ರಸ್ವರೂಪ. ಆಡುಮಾತಿನಲ್ಲಿ ಮಾಬ್ಲೇಶ್ವರ, ಮಾಬ್ಲ ಎಂದೂ ಆಗುತ್ತದೆ.

ಮೂಲ

‘ಮಹಾಬಲ’ ಮತ್ತು ‘ಈಶ್ವರ’ ಪದಗಳು ಗುಣಸಂಧಿಯಾಗಿ ಸೇರಿ ಈ ಹೆಸರಾಗಿದೆ. ಸ್ಥಳಪುರಾಣದಂತೆ, ಬಾಲವಟುವಿನ ರೂಪದಲ್ಲಿ ಬಂದ ಗಣಪತಿಯು ಆತ್ಮಲಿಂಗವನ್ನು ಗೋಕರ್ಣದ ನೆಲದ ಮೇಲಿಟ್ಟನು. ರಾವಣನು ಎಷ್ಟು ಬಲ ಹಾಕಿದರೂ ಅದು ಕದಲಲಿಲ್ಲ. ಆದುದರಿಂದ ಅಲ್ಲಿಯ ಶಿವನಿಗೆ ಮಹಾಬಲೇಶ್ವರನೆಂಬ ಹೆಸರು ಬಂದಿತು. ಇದೇ ಕಥೆಗೆ ಸೇರಿದ ಧಾರೇಶ್ವರ, ಮುರುಡೇಶ್ವರಗಳು ಊರಿನ ಹೆಸರಾಗಿ, ಅಡ್ಡಹೆಸರಾಗಿ ಉಳಿದವೇ ಹೊರತು ಮಕ್ಕಳ ಹೆಸರಾಗಿ ಇಷ್ಟು ಹಬ್ಬಲಿಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಗಿರಿಧಾಮ ಮಹಾಬಲೇಶ್ವರದ ಪುರಾಣ ಬೇರೆ: ಅಲ್ಲಿ ಮಹಾಬಲನೆಂಬುವನು ಒಬ್ಬ ಅಸುರ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೂ ಮಹಾಬಲೇಶ್ವರ ದೇವಾಲಯವಿದೆ.

ಬಳಕೆ

ಘಟ್ಟದ ಮೇಲಿನ ಹವ್ಯಕರಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ಈ ಹೆಸರನ್ನು ಉಳಿಸಿತು. ಆದರೆ ಸೊಸೆಯು ಮಾವನ ಹೆಸರನ್ನು ಬಾಯಲ್ಲಿ ಆಡಬಾರದೆಂಬ ಕಟ್ಟಳೆಯೂ ಇದ್ದುದರಿಂದ, ಅದೇ ಹೆಸರು ಹೊತ್ತ ಮಗು ಮನೆಯಲ್ಲಿ ‘ಅಪ್ಪಿ’ಯಾಗಿಯೋ ‘ಮಾಣಿ’ಯಾಗಿಯೋ ಬೆಳೆಯುತ್ತಿತ್ತು. ಯಲ್ಲಾಪುರ ತಾಲೂಕಿನ ನಂದೊಳ್ಳಿಯಂತಹ ಊರುಗಳಲ್ಲಿ ಭಟ್ಟ, ಹೆಗಡೆ, ಗಾಂವ್ಕರ ಮೊದಲಾದ ಕೆಲವೇ ಅಡ್ಡಹೆಸರುಗಳಿದ್ದು, ಒಂದೇ ಹೆಸರಿನ ಹಲವರನ್ನು ಗುರುತಿಸಲು ಊರು ಅಥವಾ ಮನೆಯ ಹೆಸರನ್ನು ಸೇರಿಸಬೇಕಾಗುತ್ತದೆ.

ಹೆಸರು ಒಂದೇ ಸಮುದಾಯದ ಸ್ವತ್ತಲ್ಲ. 2016ರ ಸರಸ್ವತಿ ಸಮ್ಮಾನ್ ಪಡೆದ ಕೊಂಕಣಿ ಕಾದಂಬರಿಕಾರ ಮಹಾಬಲೇಶ್ವರ ಸೈಲ್ ಕಾರವಾರ ಮೂಲದವರು. ದಕ್ಷಿಣ ಕನ್ನಡದ ತುಳು ಭಾಷಿಕರಲ್ಲಿ, ಬಂಟರೂ ಸೇರಿದಂತೆ, ‘ಮಹಾಬಲ’ ಎಂಬ ಹ್ರಸ್ವರೂಪವೇ ಹೆಚ್ಚು. ಹೊನ್ನಾವರ ತಾಲೂಕಿನ ಯಕ್ಷಗಾನ ಕಲಾವಿದ ಕೆರೆಮನೆ ಮಹಾಬಲ ಹೆಗಡೆಯವರ ಹೆಸರಿನಲ್ಲಿಯೂ ಅದೇ ರೂಪವಿದೆ.

ತಂದೆಯ ಹೆಸರಾಗಿ

ಉತ್ತರ ಕನ್ನಡದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. 1983ರಿಂದ 1988ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ, ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರ ಪೂರ್ಣ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಇಂದು ಚಿಕ್ಕ ಹೆಸರುಗಳಿಗೆ ಒಲವು ಹೆಚ್ಚಿರುವುದರಿಂದ, ಅನೇಕ ಮನೆಗಳಲ್ಲಿ ಮಹಾಬಲೇಶ್ವರನು ‘ಎಂ.’ ಎಂಬ ನಡುವಿನ ಒಂದಕ್ಷರವಾಗಿ ಮಾತ್ರ ಉಳಿದಿದ್ದಾನೆ.