ಉನ್ಮಾದ ಇಳಿದ ಮೇಲೂ ಉಳಿಯುವ ಮರೆವು

ಮನಸ್ಸು ಕೆಲವು ಕಾಲ ಉನ್ಮಾದದ ಏರಿನಲ್ಲಿ, ಕೆಲವು ಕಾಲ ಖಿನ್ನತೆಯ ಇಳಿತದಲ್ಲಿ ಸಿಲುಕಿ, ನಡುವೆ ಸಮಸ್ಥಿತಿಗೆ ಮರಳುವ ರೋಗವನ್ನು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಆದರೆ ಆ ಸಮಸ್ಥಿತಿಯಲ್ಲಿಯೂ ಹಲವರ ನೆನಪು, ಗಮನ ಮತ್ತು ಕೆಲಸವನ್ನು ಮುಂದಾಲೋಚಿಸಿ ಜೋಡಿಸಿಕೊಳ್ಳುವ ಶಕ್ತಿ ಮೊದಲಿನಂತಾಗುವುದಿಲ್ಲವೆಂಬುದು ಮನೆಯವರ ಅರಿವಿಗೆ ಬರುವುದು ತೀರ ತಡವಾಗಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು 200 ಮಂದಿಗೆ ಒಬ್ಬರು ಜೀವನದಲ್ಲಿ ಎಂದಾದರೂ ಈ ಕಾಯಿಲೆಗೆ ಒಳಗಾಗುತ್ತಾರೆ. ಆ ಸಮೀಕ್ಷೆಯಲ್ಲಿ ರೋಗವಿದ್ದ 100 ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಈ ಕೊರತೆಯ ಸ್ವರೂಪ ಟಿ. ನರಸೀಪುರದವರಿಗೆ ಪರಿಚಿತವಾದ ರೇಷ್ಮೆ ನೂಲು ಬಿಚ್ಚುವ ಕೆಲಸದಿಂದ ಚೆನ್ನಾಗಿ ತಿಳಿಯುತ್ತದೆ. ಬೆಂದ ಗೂಡುಗಳ ಎಳೆಗಳನ್ನು ಕೂಡಿಸಿ ನೂಲು ತೆಗೆಯುವಾಗ, ಒಂದು ಗೂಡಿನ ಎಳೆ ಮುಗಿದೊಡನೆ ಮತ್ತೊಂದರ ತುದಿಯನ್ನು ಹಿಡಿದು ಸೇರಿಸದಿದ್ದರೆ ನೂಲು ತೆಳುವಾಗಿ ಕೆಡುತ್ತದೆ. ಕೈಚಳಕವಿದ್ದೂ ಈ ಕಾಯಿಲೆಯಿಂದ ಹಾಗೆ ಎಳೆ ತಪ್ಪಿಸುವವರನ್ನು ಸೋಮಾರಿಗಳೆಂದು ಜರೆಯುವುದು ಅನ್ಯಾಯ, ಏಕೆಂದರೆ ಅಲ್ಲಿ ಸೋತಿರುವುದು ದುಡಿಯುವ ಮನಸ್ಸಲ್ಲ, ಗಮನ. ವೈದ್ಯರು ನೆನಪಿನ ಕೊರತೆಯನ್ನು ಅಳೆಯಲು 15 ಪದಗಳನ್ನು ಐದು ಬಾರಿ ಓದಿ ಹೇಳಿ, ಪ್ರತಿ ಬಾರಿಯೂ ನೆನಪಿರುವಷ್ಟನ್ನು ಹೇಳಿಸಿ, ಸುಮಾರು ಅರ್ಧ ಗಂಟೆಯ ಬಳಿಕ ಮತ್ತೆ ಕೇಳುತ್ತಾರೆ.

ಈ ಮರೆವಿಗೆ ಕಾರಣ ಒಂದೇ ಅಲ್ಲ. ಪದೇ ಪದೇ ಮರುಕಳಿಸಿದ ಉನ್ಮಾದ, ಪೂರ್ತಿ ಕರಗದ ಖಿನ್ನತೆ, ಕೆಟ್ಟ ನಿದ್ದೆ, ಕೆಲವು ಮಾತ್ರೆಗಳು ತರುವ ಮಂಪರು, ಎಲ್ಲಕ್ಕೂ ಇದರಲ್ಲಿ ಪಾಲಿದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಫಲಕಾರಿಯೆಂದು ವರದಿ ಮಾಡಿದ ಲಿಥಿಯಂ ಇಂದಿಗೂ ಬಹುಮುಖ್ಯ ಔಷಧ; ಆದರೆ ಅದು ಕೆಲವರ ಥೈರಾಯ್ಡ್ ಗ್ರಂಥಿಯ ಕೆಲಸವನ್ನು ಕುಗ್ಗಿಸಿ ಬುದ್ಧಿಗೆ ಮಂಕು ಕವಿಸಬಲ್ಲದು. ಬಿರುಬಿಸಿಲಿನಲ್ಲಿ ಕಬ್ಬಿನ ಗದ್ದೆಯಲ್ಲಿ ದುಡಿದು ಮೈಯ ನೀರು ಬತ್ತಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೂ ಏರೀತು. ಆದ್ದರಿಂದಲೇ ಆಗಾಗ ರಕ್ತಪರೀಕ್ಷೆ ಬೇಕು, ಮಾತ್ರೆಯನ್ನು ತಾವೇ ನಿಲ್ಲಿಸಕೂಡದು.

ಈ ಮರೆವಿನ ಸುಳಿವನ್ನು ದೇಹದಲ್ಲಿಯೂ ಹುಡುಕುತ್ತಿದ್ದಾರೆ; ಹಾಗೆ ಅಳೆಯಬಹುದಾದ ರೋಗದ ಗುರುತುಗಳನ್ನು ಜೈವಿಕ ಸೂಚಕಗಳೆನ್ನುತ್ತಾರೆ. ನರಕೋಶಗಳ ಬೆಳವಣಿಗೆಗೆ ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನು ಉನ್ಮಾದ ಮತ್ತು ಖಿನ್ನತೆಯ ದಿನಗಳಲ್ಲಿ ರಕ್ತದಲ್ಲಿ ಕಡಿಮೆಯಾಗುವುದೂ, ಉರಿಯೂತವನ್ನು ಸೂಚಿಸುವ ಸಿಆರ್‌ಪಿಯಂಥ ವಸ್ತುಗಳು ಹೆಚ್ಚುವುದೂ ಹಲವು ಅಧ್ಯಯನಗಳಲ್ಲಿ ಕಂಡುಬಂದಿವೆ. ಆದರೆ ಇತರ ಮನೋರೋಗಗಳಲ್ಲಿಯೂ ಇದೇ ಬದಲಾವಣೆ ಕಾಣುವುದರಿಂದ, ಒಬ್ಬ ರೋಗಿಯ ಮರೆವಿಗೆ ಬೈಪೋಲಾರ್ ಕಾಯಿಲೆಯೇ ಮೂಲವೆಂದು ನಿಶ್ಚಯಿಸಬಲ್ಲ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇನ್ನೂ ಬಂದಿಲ್ಲ. ಅಂಥ ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬಾರದು. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಕೂಡಿ, ಒಂದಕ್ಕಿಂತ ಹೆಚ್ಚು ಮಂದಿಗೆ ಮನೋರೋಗವಿರುವ ಕುಟುಂಬಗಳವರ ರಕ್ತಕೋಶಗಳನ್ನು ಕಾಂಡಕೋಶಗಳನ್ನಾಗಿ ಮಾರ್ಪಡಿಸಿ, ಅವನ್ನು ನರಕೋಶಗಳನ್ನಾಗಿ ಬೆಳೆಸಿ, ಕೋಶದ ಮಟ್ಟದಲ್ಲಿಯೇ ರೋಗದ ಮೂಲವನ್ನು ಹುಡುಕುತ್ತಿವೆ.

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಕಾಯಿಲೆ ವಾಸಿಯಾಗಲೆಂದು ಉರುಳುಸೇವೆ ಹರಕೆ ಹೊರುವವರ ನಂಬಿಕೆಗೂ ಚಿಕಿತ್ಸೆಗೂ ವಿರೋಧವಿಲ್ಲ. ಹರಕೆ ತೀರಿಸಿದವರು ಮಾತ್ರೆಯನ್ನೂ ಮುಂದುವರಿಸಲಿ. ಮನೆಯವರು ರೋಗಿಯ ಮರೆವನ್ನು ಬೈಯದೆ ವೈದ್ಯರಿಗೆ ತಿಳಿಸಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮಾತ್ರೆಯ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.