ಸುಡಾನಿಯನ್ನು ಸಾಕಿದ ಉಮ್ಮಂದಿರು!

ಫುಟ್‌ಬಾಲ್ ಚಿತ್ರ ಅಂದ ಕೂಡಲೇ ನಿಮ್ಮ ಕಣ್ಣಿಗೆ ಏನು ಕಟ್ಟುತ್ತದೆ? ಕೊನೆಯ ನಿಮಿಷದ ಗೋಲು, ನಾಯಕನ ಮಂಡಿಗೆ ಪೆಟ್ಟು, ಗ್ಯಾಲರಿಯಲ್ಲಿ ನಾಯಕಿಯ ಕಣ್ಣೀರು, ಕಪ್ಪು ಎತ್ತಿಕೊಂಡು ಕುಣಿತ... ಅಷ್ಟೇ ತಾನೇ? ಹಾಗಾದರೆ 2018ರ ಮಾರ್ಚ್‌ನಲ್ಲಿ ತೆರೆಕಂಡ ಮಲಯಾಳಂ ಚಿತ್ರ ‘ಸುಡಾನಿ ಫ್ರಂ ನೈಜೀರಿಯಾ’ ನೋಡಿ. ಫುಟ್‌ಬಾಲಿನ ಹುಚ್ಚು ಬೇಕಾದಷ್ಟಿದೆ. ಆದರೆ ಕಥೆ ನಡೆಯುವುದೆಲ್ಲ ಒಂದು ಬಡ ಮನೆಯ ಒಳಗೆ, ಮಂಚದ ಪಕ್ಕದಲ್ಲಿ!

ಮಲಪ್ಪುರಂ ಕಡೆ ‘ಸೆವೆನ್ಸ್’ ಅಂತ ಒಂದು ಆಟ. ಹನ್ನೊಂದು ಮಂದಿಯ ಜಾಗದಲ್ಲಿ ಏಳು ಮಂದಿ. ಮಳೆಗಾಲ ಮುಗಿದು ಗದ್ದೆ ಒಣಗಿದರೆ ಸಾಕು, ತಾತ್ಕಾಲಿಕ ಗ್ಯಾಲರಿ ಕಟ್ಟಿ, ದೀಪ ಹಾಕಿ, ರಾತ್ರಿಯೆಲ್ಲ ಆಟ. ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಮಾನ್ಯತೆ ಇದಕ್ಕಿಲ್ಲ. ಯಾರಿಗೆ ಬೇಕು ಮಾರಾಯ್ರೇ ಮಾನ್ಯತೆ! ಟಿಕೆಟ್ ಕೊಂಡು ಬರುವವರು ಕೂಲಿಯವರು, ಮೀನು ಮಾರುವವರು, ಗಲ್ಫಿನಿಂದ ರಜೆಗೆ ಬಂದವರು. ಈ ಆಟಕ್ಕಾಗಿ ಆಫ್ರಿಕಾದಿಂದ ಹುಡುಗರು ಬರುತ್ತಾರೆ. ಯಾವ ದೇಶದವನಾದರೂ ಸರಿ, ಊರವರ ಬಾಯಲ್ಲಿ ಅವನು ‘ಸುಡಾನಿ’. ಚಿತ್ರದ ಹೆಸರಿನ ತಮಾಷೆ ಅದೇ.

ಚಿತ್ರದ ಮಜೀದ್ (ಸೌಬಿನ್ ಶಾಹಿರ್) ಅಂತಹ ಒಂದು ತಂಡದ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಜೇಬು ಖಾಲಿ. ಹೆಣ್ಣು ಕೊಡುವವರೂ ಇಲ್ಲ. ತಂಡದ ನೈಜೀರಿಯಾದ ಆಟಗಾರ ಸ್ಯಾಮ್ಯುಯೆಲ್ ಪೆಟ್ಟಾಗಿ ಹಾಸಿಗೆ ಹಿಡಿದಾಗ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲು ದುಡ್ಡಿಲ್ಲ. ಮನೆಗೇ ತಂದು ಮಲಗಿಸುತ್ತಾನೆ. ಆಮೇಲಿನದೆಲ್ಲ ತಾಯಿ ಜಮೀಲಾ ಮತ್ತು ಅವಳ ಗೆಳತಿ ಬೀಯುಮ್ಮನ ರಾಜ್ಯ. ಅವರಿಗೆ ಇಂಗ್ಲಿಷ್ ಬಾರದು, ಅವನಿಗೆ ಮಲಯಾಳಂ ಬಾರದು. ಪರದೇಶದ ಆ ಹುಡುಗನ ಜತೆ ಅಷ್ಟು ಸಲಿಗೆಯಿಂದ ಇರುವ ಮನೆಯಲ್ಲಿ ಮಜೀದ್ ಮಾತ್ರ ತಾಯಿಯ ಎರಡನೇ ಗಂಡನಿಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಆತ ಎಲ್ಲೋ ವಾಚ್‌ಮನ್ ಕೆಲಸ ಮಾಡಿಕೊಂಡು, ಹೆಂಡತಿಯ ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ನಿಜವಾದ ಪೆಟ್ಟು ಯಾರಿಗೆ ಬಿದ್ದಿದೆ ಅಂತ ಆಗ ಗೊತ್ತಾಗುತ್ತದೆ. ಕೊನೆ ಹೇಳುವುದಿಲ್ಲ, ನೋಡದವರು ಇದ್ದೀರಿ.

ಫಳ್ನೀರಿನ ನಮ್ಮ ಬಾಡಿಗೆ ಮನೆಯಲ್ಲಿ ಈ ಚಿತ್ರವನ್ನು ನೋಡಿದ್ದು ನಾವು ನಾಲ್ವರು: ಅಪ್ಪ, ಅಮ್ಮ, ನಾನು, ನೆರೆಮನೆಯ ಉಮ್ಮ. ಉಮ್ಮನ ಮನೆಮಾತು ಬ್ಯಾರಿ. ಮಲಬಾರಿನ ಆಡುಮಾತು ಅವರಿಗೆ ಅರ್ಧಕ್ಕಿಂತ ಹೆಚ್ಚು ಅರ್ಥವಾಗುತ್ತದೆ. ಕೆಳಗಿನ ಅಕ್ಷರ ಓದುವ ಗೋಜಿಲ್ಲದೆ ನಮಗಿಂತ ಮೊದಲೇ ನಗುತ್ತಿದ್ದರು!

ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು. ಸೀಜನ್ ಬಂತೆಂದರೆ ಶನಿವಾರ ಬಟವಾಡೆ ಆದ ಕೂಡಲೇ ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ತ್ರಿಕ್ಕರಿಪುರಕ್ಕೆ. ಕಾಸರಗೋಡು ಜಿಲ್ಲೆಯ ಈ ಊರು ಫುಟ್‌ಬಾಲಿಗೆ ಪ್ರಸಿದ್ಧ. ಭಾರತ ತಂಡಕ್ಕೆ ಆಡಿದ ಮೊಹಮ್ಮದ್ ರಾಫಿ ಅಲ್ಲಿಯವರು. 1956ರ ತನಕ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಸೀಮೆ. ಅಪ್ಪ ಮರಳಿ ಬರುವಾಗ ಬಟವಾಡೆಯಲ್ಲಿ ಎಷ್ಟು ಉಳಿದಿರುತ್ತಿತ್ತೋ, ಅದು ಅಮ್ಮನ ಅಕ್ಕಿ ಡಬ್ಬಕ್ಕೆ ಗೊತ್ತು. ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಅದಕ್ಕೆ ಫುಟ್‌ಬಾಲೇ ಕಾರಣ ಅಂತ ಅಮ್ಮ, ಅಲ್ಲವೇ ಅಲ್ಲ ಅಂತ ಅಪ್ಪ. ಹನ್ನೊಂದು ವರ್ಷದಿಂದ ನಡೆಯುತ್ತಿರುವ ಪಂದ್ಯ, ಇನ್ನೂ ಡ್ರಾ!

ಮಜೀದ್ ದುಡ್ಡಿಗೆ ಪರದಾಡುವುದು ಬಂದಾಗ ಅಪ್ಪ ಬೀಡಿ ನೆಪದಲ್ಲಿ ಎದ್ದು ಹೋದರು. ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹಾಸಿಗೆ ಹಿಡಿದವನಿಗೆ ಗಂಜಿ ಕೊಡ್ಲಿಕ್ಕೆ ಭಾಷೆ ಎಂತಕ್ಕೆ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಆ ಹೆಂಗಸಿನ ಕಷ್ಟ ಮಗನಿಗೂ ಕಾಣುವುದಿಲ್ಲ ನೋಡು” ಅಂತ ಉಮ್ಮನಿಗೆ ಹೇಳಿದರು. ಉಮ್ಮ ಬರೀ ತಲೆ ಆಡಿಸಿದರು. ನಾನು ಸುಮ್ಮನಿದ್ದೆ. ನಿರ್ದೇಶಕ ಝಕರಿಯಾ ಅವರಿಗೆ ಇದು ಮೊದಲ ಚಿತ್ರ ಅಂದರೆ ನಂಬಲಿಕ್ಕಾಗುವುದಿಲ್ಲ.

ಹಾಗಂತ ಎಲ್ಲವೂ ಸವಿಯಲ್ಲ. ಚಿತ್ರ ಗೆದ್ದ ಮೇಲೆ ಸ್ಯಾಮ್ಯುಯೆಲ್ ಪಾತ್ರದ ನೈಜೀರಿಯಾದ ನಟ ಸ್ಯಾಮ್ಯುಯೆಲ್ ರಾಬಿನ್ಸನ್, ತನಗೆ ಕೊಟ್ಟ ಸಂಭಾವನೆ ತೀರಾ ಕಡಿಮೆ, ಬಣ್ಣವೇ ಕಾರಣ ಎಂದು ಬಹಿರಂಗವಾಗಿ ದೂರಿದರು. ಸಣ್ಣ ಬಜೆಟ್ಟಿನ ಚಿತ್ರ ಎಂಬುದು ನಿರ್ಮಾಪಕರ ಉತ್ತರ. ಕೊನೆಗೆ ರಾಜಿಯಾಗಿ, ರಾಬಿನ್ಸನ್ ದೂರು ಹಿಂತೆಗೆದುಕೊಂಡರು. ಪರದೇಶದ ದುಡಿಯುವ ಹುಡುಗನ ಕಥೆ ಹೇಳಿದ ಚಿತ್ರಕ್ಕೇ ಈ ಮಾತು ಬಂತಲ್ಲ ಅಂತ ನನಗೆ ಇಂದಿಗೂ ಕಸಿವಿಸಿ.

ನಮ್ಮಲ್ಲಿ ಇಂಥ ಕಥೆಗೆ ಬರವೇ? ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ! 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ನಮ್ಮ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಆ ಹುಡುಗರ ತಾಯಂದಿರ ಕಥೆ ಯಾರು ಬರೆಯುತ್ತಾರೆ? ಹೆಣ್ಣು ಸಿಗದ ಬೋಳುತಲೆಯ ಮೇಷ್ಟ್ರನ್ನು ಇಟ್ಟುಕೊಂಡು ಮಂಗಳೂರಿನ ರಾಜ್ ಬಿ. ಶೆಟ್ಟಿ 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಗೆಲ್ಲಿಸಲಿಲ್ಲವೇ? ಗಾಂಧಿನಗರದ ದೊರೆಗಳು ಒಮ್ಮೆ ಯೋಚಿಸಲಿ.

ಅಂದ ಹಾಗೆ, ಜಮೀಲಾ ಮತ್ತು ಬೀಯುಮ್ಮ ಆಗಿ ನಟಿಸಿದ ಸಾವಿತ್ರಿ ಶ್ರೀಧರನ್, ಸರಸಾ ಬಾಲುಶ್ಶೇರಿ ಇಬ್ಬರೂ ಕೋಝಿಕ್ಕೋಡಿನ ನಾಟಕರಂಗದಲ್ಲಿ ಬಣ್ಣ ಹಚ್ಚಿ ಸವೆದವರು. 2019ರಲ್ಲಿ ಕೇರಳ ಸರಕಾರದ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೇ ಬಂತು. ವಾಚ್‌ಮನ್ ಆಗಿದ್ದ ಕೆ.ಟಿ.ಸಿ. ಅಬ್ದುಲ್ಲಾ ಆ ಸುದ್ದಿ ಕೇಳಲು ಉಳಿದಿರಲಿಲ್ಲ; 2018ರ ನವೆಂಬರ್‌ನಲ್ಲೇ ತೀರಿಕೊಂಡಿದ್ದರು.