ಕೊಲ್ಲುವ ಕಣಕ್ಕೆ ಕಡಿವಾಣ

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ‘ಸಹಜ ಘಾತಕ ಕೋಶ’ಗಳೆಂಬ ಒಂದು ಪಂಗಡವುಂಟು. ಬಿಳಿಯ ಕಣಗಳಲ್ಲಿ ಬೇರೆ ಕೆಲವು ಶತ್ರುವನ್ನು ಗುರುತಿಸಿ, ಸಂಖ್ಯೆಯಲ್ಲಿ ಹೆಚ್ಚಿ, ಕಾದಾಟಕ್ಕೆ ಅಣಿಯಾಗಲು ಹಲವು ದಿನಗಳೇ ಬೇಕು. ಇವಕ್ಕಾದರೋ ಅಂತಹ ಸಿದ್ಧತೆ ಬೇಡ. ವೈರಸ್ ಹೊಕ್ಕ ಕೋಶವನ್ನಾಗಲಿ ಕ್ಯಾನ್ಸರಿಗೆ ತಿರುಗಿದ ಕೋಶವನ್ನಾಗಲಿ ಕಂಡೊಡನೆ ಅದಕ್ಕೆ ಅಂಟಿ ನಿಂತು, ಅದರ ಪೊರೆಯನ್ನು ಕೊರೆದು, ಒಳಕ್ಕೆ ಮಾರಕ ದ್ರವ್ಯವನ್ನು ಸೇರಿಸುತ್ತವೆ. 1975ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇವಕ್ಕೆ ಈ ಹೆಸರನ್ನಿತ್ತರು. ಆದರೆ ಸದಾ ಆಯುಧಪಾಣಿಯಾಗಿರುವ ಈ ಘಾತಕನು ನಮ್ಮದೇ ಆರೋಗ್ಯವಂತ ಕೋಶಗಳನ್ನು ಕೊಲ್ಲದೆ ಬಿಡುವುದೇಕೆ?

ಕಾಕ್ಕನಾಡಿನ ಇನ್‌ಫೋಪಾರ್ಕಿನ ಕಚೇರಿಗಳಲ್ಲಿ ಕಾವಲುಗಾರನು ಒಳಬರುವವರ ಕೊರಳಿನ ಗುರುತುಚೀಟಿಯನ್ನು ನೋಡುವನಷ್ಟೆ. ನಮ್ಮ ಶರೀರದ ಬಹುಪಾಲು ಕೋಶಗಳೂ ಎಚ್.ಎಲ್.ಎ. ಎಂಬ ಪ್ರೋಟೀನುಗಳನ್ನು ಗುರುತುಚೀಟಿಯಂತೆ ಮೈಮೇಲೆ ಧರಿಸಿರುತ್ತವೆ. ಘಾತಕ ಕೋಶದ ಹೊರಮೈಯಲ್ಲಿ ಈ ಗುರುತನ್ನು ಮುಟ್ಟಿ ಅರಿಯುವ ಗ್ರಾಹಕಗಳಿವೆ. ಗುರುತು ಸಿಕ್ಕಿತೆಂದರೆ ಅವು ‘ತಡೆ’ ಎಂಬ ಆಜ್ಞೆಯನ್ನು ಒಳಕ್ಕೆ ಕಳುಹುತ್ತವೆ. ಗುರುತು ಕಾಣೆಯಾದ ಕೋಶಕ್ಕೆ ಈ ರಕ್ಷೆಯಿಲ್ಲವೆಂಬುದನ್ನು ಸ್ಟಾಕ್‌ಹೋಮಿನ ಕ್ಲಾಸ್ ಶೆರ್ರೆಯವರೂ ಅವರ ಸಂಗಡಿಗರೂ 1986ರಲ್ಲಿ ಇಲಿಗಳ ಮೇಲಣ ಪ್ರಯೋಗದಿಂದ ತೋರಿಸಿದರು.

ಇಲ್ಲಿ ಒಂದು ಸ್ವಾರಸ್ಯವಿದೆ. ಕೆಲವು ವೈರಸ್‌ಗಳು ತಾವು ಹೊಕ್ಕ ಕೋಶದ ಎಚ್.ಎಲ್.ಎ.ಯನ್ನು ಅಡಗಿಸಿಬಿಡುತ್ತವೆ, ಏಕೆಂದರೆ ‘ಟಿ’ ಕಣಗಳು ಆ ಪ್ರೋಟೀನಿನ ಮೂಲಕವೇ ವೈರಸ್ಸಿನ ಸುಳಿವನ್ನು ಹಿಡಿಯುತ್ತವೆ. ಹೀಗೆ ಟಿ ಕಣದ ಕಣ್ತಪ್ಪಿಸಲು ಹೋಗಿ ಅವು ಘಾತಕ ಕೋಶದ ಕೈಗೆ ಸಿಕ್ಕಿಬೀಳುತ್ತವೆ!

ಹಾಗಾದರೆ ಎಚ್.ಎಲ್.ಎ. ಇಲ್ಲವೆನ್ನುವಷ್ಟು ವಿರಳವಾದ ಕೆಂಪು ರಕ್ತಕಣಗಳು ಬದುಕುವುದೆಂತು? ಚೀಟಿಯಿಲ್ಲದ ಬೆಕ್ಕನ್ನು ಯಾವ ಕಾವಲುಗಾರನೂ ತಡೆಯುವುದಿಲ್ಲವಲ್ಲ, ಹಾಗೆ. ಕೊಲ್ಲಬೇಕಾದರೆ ತಡೆ ಇಲ್ಲದಿದ್ದರಷ್ಟೇ ಸಾಲದು, ಪ್ರಚೋದನೆಯೂ ಬೇಕು. ಸಂಕಟಕ್ಕೊಳಗಾದ ಕೋಶವು ಹೊರಮೈಯಲ್ಲಿ ಕೆಲವು ವಿಶೇಷ ಪ್ರೋಟೀನುಗಳನ್ನು ತೋರುತ್ತದೆ, ಎನ್.ಕೆ.ಜಿ.2ಡಿ ಎಂಬ ಮತ್ತೊಂದು ಗ್ರಾಹಕವು ಅವನ್ನು ಹಿಡಿದು ‘ಹೊಡೆ’ ಎನ್ನುತ್ತದೆ. ಇಂತಹ ಹಲವು ‘ತಡೆ’, ‘ಹೊಡೆ’ಗಳಲ್ಲಿ ಯಾವುದರ ಬಲ ಹೆಚ್ಚೋ ಅದರಂತೆ ಘಾತಕ ಕೋಶವು ನಡೆಯುವುದು.

ಈ ತಿಳಿವು ವೈದ್ಯರಿಗೂ ಒದಗಿಬಂದಿತು. ರಕ್ತದ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಅರ್ಧದಷ್ಟು ಮಾತ್ರ ಹೊಂದಿಕೆಯಾಗುವ ರಕ್ತಸಂಬಂಧಿಗಳ ಮಜ್ಜೆಯ ಮೂಲಕೋಶಗಳನ್ನು ಕಸಿಮಾಡುವುದುಂಟು. ದಾನಿಯ ಘಾತಕ ಕೋಶಗಳು ತಮಗೆ ಪರಿಚಿತವಾದ ಗುರುತನ್ನು ರೋಗಿಯ ಕೋಶಗಳಲ್ಲಿ ಕಾಣದೆ ಹೋದಾಗ, ಮಜ್ಜೆಯಿಂದ ಹುಟ್ಟುವ ಒಂದು ಬಗೆಯ ತೀವ್ರ ಲ್ಯುಕೇಮಿಯಾ ಮರುಕಳಿಸುವುದು ಬಹಳ ಕಡಿಮೆಯಾಯಿತೆಂದು ಇಟಲಿಯ ಪೆರೂಜಾ ನಗರದ ವೈದ್ಯರು 2002ರಲ್ಲಿ ಪ್ರಕಟಿಸಿದರು. ರೋಗಿಯ ಚರ್ಮ, ಕರುಳು ಮುಂತಾದ ಅಂಗಗಳನ್ನು ಆ ಕೋಶಗಳು ಮುಟ್ಟದೆ ಬಿಟ್ಟವು.